ಫೋನಿಗಷ್ಟೇ ಹೇಳಿದ್ದು

ಭೀಮಾ ನದಿಯ ದಂಡೆಯ ಮೇಲೆ ಒಂದು ಸಣ್ಣ ವಿಹಾರವಿತ್ತು. ಒಂದೇ ಕೋಣೆ, ಒಂದು ಬುದ್ಧನ ಮೂರ್ತಿ, ಹೊರಗೆ ಬೇವಿನ ಮರ.

ಅಲ್ಲಿ ಉತ್ತಿಯ ಭಂತೇಜಿ ಒಬ್ಬರೇ ಇದ್ದರು. ಎಪ್ಪತ್ತು ದಾಟಿದ ಭಿಕ್ಷು. ಚೀವರ ಉಟ್ಟು ಭಿಕ್ಷುವಾಗುವ ಮೊದಲು ಕಲ್ಲಿನ ಖಣಿಯಲ್ಲಿ ದುಡಿದವರು. ಮದ್ದು ಸಿಡಿಸುವ ಸದ್ದಿಗೆ ಅವರ ಕಿವಿ ಅರ್ಧ ಹೋಗಿತ್ತು.

ಅವರಿಗೆ ಒಬ್ಬನೇ ಶಿಷ್ಯ, ದೇವಿಂದ್ರ. ಆಂಬುಲೆನ್ಸ್ ನಡೆಸುತ್ತಿದ್ದ. ರವಿವಾರ ಬೆಳಿಗ್ಗೆ ಧ್ಯಾನಕ್ಕೆ ಬರುತ್ತಿದ್ದ.

ಒಂದು ರವಿವಾರ ಅವನು ಕೇಳಿದ, “ಭಂತೇಜಿ, ಕಣ್ಣು ಮುಚ್ಚಿದ್ರ ಎದಿ ಬಡಕೊಳ್ತದ್ರಿ. ಏನ್ ಮಾಡ್ಲಿ?”

“ಕೂಡು.”

“ಕೂತಾಗೇ ಬಡಕೊಳ್ತದ್ರಿ.”

“ಹೂಂ. ಕೂಡು.”

ಮುಂದಿನ ರವಿವಾರ ದೇವಿಂದ್ರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಎರಡು ತಿಂಗಳು ಕಳೆದು ಬಂದಾಗ ಭಂತೇಜಿ ಬೇವಿನ ಎಲೆ ಗುಡಿಸುತ್ತಿದ್ದರು.

“ಬಂದ್ಯಾ?” ಎಂದರು. ಎಲ್ಲಿದ್ದೆ ಎಂದು ಕೇಳಲಿಲ್ಲ.

“ನನಗ ಇನ್ನೊಬ್ಬ ಗುರು ಸಿಕ್ಕಾನ್ರಿ,” ಎಂದ ದೇವಿಂದ್ರ. ಜೇಬಿನಿಂದ ಫೋನು ತೆಗೆದ. “ಇದರಾಗ ಎಐ ಅಂತ ಅದ. ಏನ್ ಬರದು ಕೇಳಿದ್ರೂ ಉತ್ತರ ಬರೀತದ. ಧ್ಯಾನಾನೂ ಕಲಿಸ್ತದ. ಎಷ್ಟು ಸಲ ಕೇಳಿದ್ರೂ ಬ್ಯಾಸರಿಲ್ಲ.”

“ಎದಿ ಬಡಕೊಳ್ಳೋದಕ್ಕ ಏನು ಹೇಳ್ತು?”

ದೇವಿಂದ್ರ ಗಟ್ಟಿಯಾಗಿ ಓದಿದ. “ಭಯವನ್ನು ಓಡಿಸಬೇಡಿ. ಅದು ದೇಹದಲ್ಲಿ ಎಲ್ಲಿದೆ ಎಂದು ಗಮನಿಸಿ. ಹೊರಗೆ ಹೋಗುವ ಪ್ರತಿ ಉಸಿರನ್ನೂ ಎಣಿಸಿ.”

ಭಂತೇಜಿ ಕಸಬರಿಗೆ ನಿಲ್ಲಿಸಿ ಕಿವಿಗೊಟ್ಟರು.

“ಖರೇ ಅದ,” ಎಂದರು. “ನನಗ ಇಷ್ಟು ಛಂದ ಹೇಳ್ಲಿಕ್ಕಿ ಬರಲ್ಲ.”

“ಈಗ ಒಂದು ತಾಸು ಅಲ್ಲಾಡದೆ ಕೂಡ್ತೀನ್ರಿ.”

“ಛಲೋ ಆತು. ಮತ್ತ ಯಾಕ ಬಂದಿ?”

ದೇವಿಂದ್ರ ಫೋನನ್ನು ನೋಡುತ್ತ ನಿಂತ.

“ಅದಕ್ಕ ಒಂದು ಮಾತು ಕೇಳೀನ್ರಿ. ನೂರು ಸಲ ಕೇಳಿರಬೇಕು. ಪ್ರತಿ ಸಲ ‘ಅದು ನಿಮ್ಮ ತಪ್ಪಲ್ಲ’ ಅಂತದ. ಕಡೀಕ, ‘ನಂಬುವ ಒಬ್ಬರ ಎದುರು ಇದನ್ನು ಹೇಳಿಕೊಳ್ಳಿ’ ಅಂತದ.”

“ಯಾರಿಗೆ ಹೇಳಿದಿ?”

“ಯಾರಿಗೂ ಇಲ್ರಿ.”

ಭಂತೇಜಿ ಮರದ ಬುಡದಲ್ಲಿ ಕೂತರು. “ನನಗ ಹೇಳು.”

ಅವನು ಹೇಳಿದ. ದನಿ ಅವನಿಗೇ ಕೇಳದಷ್ಟು ಸಣ್ಣದಾಗಿತ್ತು.

“ಕೇಳಿಸಲಿಲ್ಲ,” ಎಂದರು ಭಂತೇಜಿ.

ಮತ್ತೆ ಹೇಳಿದ.

“ಕೇಳಿಸಲಿಲ್ಲಪ್ಪ. ಜೋರ ಹೇಳು.”

ಇಷ್ಟು ದಿನ ಅದನ್ನು ಅವನು ಹೆಬ್ಬೆರಳಿನಲ್ಲಿ ಬರೆದಿದ್ದ, ಅಷ್ಟೇ. ಬಾಯಿಂದ ಬಂದಿರಲಿಲ್ಲ. ಈಗ ನದಿಯ ದಂಡೆಯ ಮೇಲೆ, ಅರೆಕಿವುಡ ಮುದುಕನ ಮುಂದೆ, ಕೂಗಿ ಹೇಳಬೇಕಾಯಿತು.

ಆರು ತಿಂಗಳ ಹಿಂದಿನ ಮಾತು. ಹಾವು ಕಚ್ಚಿದ ಒಂಬತ್ತು ವರ್ಷದ ಹುಡುಗಿ. ಗಾಡಿಯೊಳಗೆ ಹಿಂದೆ ಅವಳ ತಾಯಿ. ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಹಿಂದಕ್ಕೆ ತಿರುಗಿ ಹಳ್ಳದ ಸೇತುವೆಯ ದಾರಿ ಹಿಡಿಯಬಹುದಿತ್ತು. ಇನ್ನೇನು ತೆರೆಯುತ್ತದೆ ಎಂದು ಅವನು ನಿಂತ. ಒಂದು ಗೂಡ್ಸ್ ಗಾಡಿ ಹೋಯಿತು. ಗೇಟು ಏಳಲಿಲ್ಲ. ಇನ್ನೊಂದು ಬಂತು. ಹನ್ನೊಂದು ನಿಮಿಷ.

ಆಸ್ಪತ್ರೆಯ ಬಾಗಿಲಿಗೆ ಬಂದಾಗ ಹುಡುಗಿಯ ಉಸಿರು ನಿಂತಿತ್ತು.

“ಆ ತಾಯಿ ಇಳಿಯುವಾಗ ನನಗ ಒಂದೇ ಮಾತಂದಳ್ರಿ,” ಎಂದ ದೇವಿಂದ್ರ. “‘ನಿಮಗ ತ್ರಾಸ ಕೊಟ್ಟೆ ಅಣ್ಣಾ’ ಅಂದಳು.”

ಭಂತೇಜಿ ತಲೆ ತಗ್ಗಿಸಿದರು.

“ನನ್ನ ತಪ್ಪೇನ್ರಿ ಭಂತೇಜಿ?”

ಅವರು ತಲೆ ಎತ್ತಿದರು. ಕಣ್ಣು ಒದ್ದೆಯಾಗಿತ್ತು.

“ನನಗ ಗೊತ್ತಿಲ್ಲ,” ಎಂದರು.

ದೇವಿಂದ್ರ ಅವರ ಪಕ್ಕದಲ್ಲಿ ಕುಸಿದು ಕೂತು ಅತ್ತ. ಆರು ತಿಂಗಳಲ್ಲಿ ಅವನು ಅತ್ತಿರಲಿಲ್ಲ.

ಅಳು ನಿಂತ ಮೇಲೆ ಭಂತೇಜಿ ಕೇಳಿದರು, “ಆ ಕೂಸಿನ ಹೆಸರೇನು?”

“ಗೊತ್ತಿಲ್ರಿ.”

“ಊರು?”

“ಗೊತ್ತದ್ರಿ.”

ಭಂತೇಜಿ ಕಸಬರಿಗೆಯನ್ನು ಗೋಡೆಗೆ ಆನಿಸಿ ಛತ್ರಿ ತೆಗೆದುಕೊಂಡರು. “ನಡಿ.”

“ಏನಂತ ಹೋಗಲಿ ಭಂತೇಜಿ? ಆಕಿ ಮುಂದ ಏನ್ ಹೇಳಲಿ?”

“ಅದೂ ನನಗ ಗೊತ್ತಿಲ್ಲ. ನಡಿ.”

ಇಬ್ಬರೂ ಬಸ್ಸು ಹತ್ತಿ ಆ ಊರಿಗೆ ಹೋದರು.

ಆ ತಾಯಿಯ ಹೆಸರು ಲಚಮವ್ವ. ಬಾಗಿಲಲ್ಲಿ ಕೂತು ತೊಗರಿ ಕೇರುತ್ತಿದ್ದಳು. ದೇವಿಂದ್ರನನ್ನು ನೋಡಿ ಅವಳ ಕೈಯ ಮೊರ ನಿಂತಿತು.

“ನಾ ಆವತ್ತು ಗಾಡಿ ನಡಸಿದವ,” ಎಂದ.

“ಗೊತ್ತಾತು. ಕೂಡ್ರಿ.” ಕಂಬಳಿ ಹಾಸಿದಳು. ಭಂತೇಜಿಗೆ ಕೈ ಮುಗಿದಳು.

“ನಿನ್ನ ಮಗಳ ಹೆಸರು ಕೇಳ್ಲಿಕ್ಕಿ ಬಂದೀನವ್ವ,” ಎಂದ ದೇವಿಂದ್ರ.

ಲಚಮವ್ವ ಅವನ ಮುಖವನ್ನೇ ನೋಡಿದಳು.

“ಅಂಬಿಕಾ,” ಎಂದಳು. ಮತ್ತೊಮ್ಮೆ, ತನಗೇ ಎಂಬಂತೆ, “ಅಂಬಿಕಾ” ಎಂದಳು. “ನನಗ ಸಂಕಟ ಆಗ್ತದಂತ ಊರಾಗ ಯಾರೂ ಆಕಿ ಹೆಸರು ಎತ್ತಲ್ಲ.”

ದೇವಿಂದ್ರ ಗೇಟಿನ ಮಾತು ಹೇಳಿದ. ಹನ್ನೊಂದು ನಿಮಿಷ, ಹಳ್ಳದ ದಾರಿ, ಎಲ್ಲ ಹೇಳಿದ. ಈ ಸಲ ದನಿ ಅಡಗಲಿಲ್ಲ.

ಲಚಮವ್ವ ತೊಗರಿಯಲ್ಲಿ ಬೆರಳಾಡಿಸುತ್ತ ಕೇಳಿದಳು. ಆಮೇಲೆ ಅಂದಳು:

“ಹಳ್ಳದ ದಾರಿ ನನಗೂ ಗೊತ್ತಿತ್ತು ಅಣ್ಣಾ. ಆಕಿ ನನ್ನ ತೊಡಿ ಮ್ಯಾಲ ಮಲಗಿದ್ದಳು. ಹೇಳಬೇಕು, ಹೇಳಬೇಕು ಅನ್ನಕೋತ ನಾನೂ ಹೇಳಲಿಲ್ಲ. ಇದನ್ನ ನಾ ಯಾರ ಮುಂದನೂ ಅಂದಿಲ್ಲ.”

ನೆರಳು ಅಂಗಳ ದಾಟಿತು. ಲಚಮವ್ವ ಎದ್ದು ಚಹಾ ಮಾಡಿ ತಂದಳು. ಹೊರಡುವಾಗ, “ಈ ಕಡಿ ಬಂದ್ರ ಬರ್ರಿ” ಎಂದಳು.

ಬಸ್ಸಿಗೆ ಕಾಯುತ್ತ ದೇವಿಂದ್ರ ಕೇಳಿದ, “ಭಂತೇಜಿ, ಇನ್ನ ಫೋನಿಗೆ ಕೇಳಬಾರದೇನ್ರಿ?”

“ಯಾಕ ಕೇಳಬಾರದು? ಉಸಿರು ಎಣಿಸೋದು ಛಲೋ ಕಲಿಸ್ಯದ. ಮನುಷ್ಯಾರ ಹತ್ರ ಹೋಗು ಅಂತ ಅದೇ ಹೇಳ್ಯದ.”

“ಹಂಗಾದ್ರ ಅದೂ ಗುರುನೇ ಏನ್ರಿ?”

ಭಂತೇಜಿ ರಸ್ತೆಯ ಕಡೆ ನೋಡುತ್ತಿದ್ದರು. ಕೇಳಿಸಲಿಲ್ಲವೇನೋ ಎಂದು ದೇವಿಂದ್ರ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವರು ಹೇಳಿದರು:

“ಅದು ನನಗ ಗೊತ್ತಿಲ್ಲ. ನೀ ಬರದಿದ್ದ ಎರಡು ತಿಂಗಳು ನಾ ನಿನ್ನ ದಾರಿ ನೋಡಕೋತ, ಬುದ್ಧಗ ಬೆನ್ನು ಮಾಡಿ, ಬಾಗಿಲ ಕಡಿ ಮುಖ ಮಾಡಿ ಕೂತಿದ್ದೆ.”