ಸಾಕು ಎಂದ ಗ್ರಾಫಿಕ್ಸ್ ಕಾರ್ಡು

ಕಂಪ್ಯೂಟರಿನ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು ಹೊಸ ಮದರ್‌ಬೋರ್ಡಿನ ಮೇಲೆ ಅಳಿಯನಂತೆ ಬಂದು ಕುಳಿತಿತು. ಪವರ್ ಕೇಬಲ್ ಹತ್ತಿರ ಬಂದು, "ಇನ್ನಷ್ಟು ಕರೆಂಟು ಬಡಿಸಲೇ, ಅಳಿಯಂದಿರೇ?" ಎಂದಿತು.

"ಬೇಡ, ಬೇಡ. ಅತ್ತೆ ಕೊಟ್ಟದ್ದೇ ಸಾಕು," ಎಂದಿತು ಕಾರ್ಡು, ಮದರ್‌ಬೋರ್ಡಿನ ಕಡೆ ನೋಡಿ.

ಕೇಬಲ್ ಸುಮ್ಮನೆ ಹಿಂದೆ ಸರಿಯಿತು. ಯಜಮಾನರು ಸ್ವಿಚ್ ಹಾಕಿದರು. ಫ್ಯಾನುಗಳೆಲ್ಲ ತಿರುಗಿದವು, ಮಾನಿಟರ್ ಮಾತ್ರ ಕಪ್ಪಾಗಿಯೇ ಇತ್ತು.

"ಚಿತ್ರ ಎಲ್ಲಯ್ಯಾ?" ಎಂದು ಮಾನಿಟರ್ ಗದರಿತು. "ನೀನು ಸತ್ತಿದ್ದೀಯೆಂದು ಯಜಮಾನರು ಗುಜರಿಯವನನ್ನು ಕರೆಯಲು ಹೋದರು."

ಕಾರ್ಡು ಮದರ್‌ಬೋರ್ಡಿನ ಕಡೆ ತಿರುಗಿತು. "ಅತ್ತೇ, ನನಗೆ ಹಸಿವು. ನೀವು ಕೊಟ್ಟದ್ದು ಫ್ಯಾನು ತಿರುಗಿಸುವುದಕ್ಕೇ ಮುಗಿದುಹೋಯಿತು."

"ಮತ್ತೆ ಸಾಕು ಅಂದಿರಲ್ಲ!"

"ಹೊಸ ಮನೆಯಲ್ಲವೇ? ನಾನು ಸಾಕು ಅನ್ನಬೇಕು, ನೀವು ಬಲವಂತ ಮಾಡಿ ಬಡಿಸಬೇಕು. ಅದು ಮರ್ಯಾದೆ."

ಮದರ್‌ಬೋರ್ಡು ನಕ್ಕ ರಭಸಕ್ಕೆ ಅದರ ದೀಪಗಳೆಲ್ಲ ಮಿಣುಕಿದವು. "ಅಯ್ಯೋ ಅಳಿಯಂದಿರೇ, ಯಂತ್ರಗಳ ಮನೆಯಲ್ಲಿ ಉಪಚಾರದ ಮಾತು ಯಾರಿಗೆ ತಿಳಿಯುತ್ತದೆ? ಸಾಕೆಂದರೆ ಸಾಕು, ಬೇಕೆಂದರೆ ಬೇಕು. ಬೇಗ ಹೇಳಿ, ಗುಜರಿಯವನು ಮೆಟ್ಟಿಲು ಹತ್ತುತ್ತಿದ್ದಾನೆ."

"ಬೇಕು!" ಎಂದು ಕಾರ್ಡು ಕೂಗಿತು. "ಹೊಟ್ಟೆ ತುಂಬ ಬೇಕು!"

ಕೇಬಲ್ ಹಾರಿ ಬಂದು ಕಾರ್ಡಿನ ಬಾಯಿಗೆ ಟಕ್ಕೆಂದು ಕೂತಿತು. ಮದರ್‌ಬೋರ್ಡಿನ ದೀಪಗಳು ಒಮ್ಮೆ ಆರಿ ಮತ್ತೆ ಹೊತ್ತಿಕೊಂಡವು.

ಯಜಮಾನರು ಬಾಗಿಲು ತೆರೆದಾಗ ಮಾನಿಟರಿನ ತುಂಬ ಬಣ್ಣವಿತ್ತು. ಗುಜರಿಯವನು ಕಾಫಿ ಕುಡಿದು ಬರಿಗೈಯಲ್ಲಿ ಹೋದ.