ದೊರೆಯ ಮನೆಗೆ ಹಿಂಬದಿ ಬೇಡವಂತೆ

"ನನ್ನ ಹೊಸ ಅರಮನೆಗೆ ಹಿಂಭಾಗವೇ ಇರಕೂಡದು!" ಎಂದ ದೊರೆ ಸಿಂಗಭೂಪ.

ಪಾಪ, ಶಿಲ್ಪಿ ಮಲ್ಲೋಜ ಅವನ ಮುಂದೆ ನಾಲ್ಕು ನಕ್ಷೆ ಹಾಸಿ ಕೂತಿದ್ದ. ಪ್ರತಿ ದಿಕ್ಕಿನಲ್ಲೂ ಎದುರು ನಿಂತರೆ ಕಟ್ಟಡ ಹೇಗೆ ಕಾಣುತ್ತದೋ ಹಾಗೆ, ಒಂದೊಂದು ಬದಿಗೆ ಒಂದೊಂದು ಹಾಳೆ. ಮುಂದಿನದರಲ್ಲಿ ಕಂಬ, ಕಮಾನು, ಗೋಪುರ. ಹಿಂದಿನದರಲ್ಲಿ ಅಡುಗೆಮನೆಯ ಹೊಗೆಗೂಡು, ಬಚ್ಚಲ ಕಿಂಡಿ, ಒಂದು ಗಿಡ್ಡ ಬಾಗಿಲು.

"ಇದು ದೊರೆಯ ಮನೆಯೋ, ಛತ್ರವೋ? ನಾಲ್ಕೂ ಕಡೆ ಮುಂಭಾಗವೇ ಬರಲಿ. ನಾಡಿದ್ದಿನೊಳಗೆ ಬರೆಯದಿದ್ದರೆ ಊರು ಬಿಡು!" ಎಂದು ದೊರೆ ಹಿಂಬದಿಯ ಹಾಳೆಯನ್ನು ಎಸೆದ. ದೊರೆಗಳಿಗೆ ಬೆನ್ನೇ ಇರುವುದಿಲ್ಲವೋ ಏನೋ!

"ಪ್ರಭು, ಹೊಗೆ ಎಲ್ಲಿಂದ ಹೋಗಬೇಕು..." ಎಂದ ಮಲ್ಲೋಜನಿಗೆ ಅಳುವೇ ಬಂತು. ಹುಟ್ಟಿದ ಊರು ಬಿಟ್ಟು ಅವನಾದರೂ ಎಲ್ಲಿಗೆ ಹೋಗಬೇಕು?

ಆಸ್ಥಾನದ ವಿದೂಷಕ ಗುಮ್ಮಣ್ಣ ಅವನಿಗೆ ಕಣ್ಸನ್ನೆ ಮಾಡಿ ಸುಮ್ಮನಿರಿಸಿದ. ಬಿದ್ದ ಹಾಳೆಯನ್ನು ಎತ್ತಿ ಸುತ್ತಿ ಕಂಕುಳಲ್ಲಿಟ್ಟುಕೊಂಡ.

"ಅಪ್ಪಣೆ ಸರಿಯಾಗಿದೆ ಪ್ರಭು. ಕಟ್ಟುವ ಮೊದಲು ಈ ಹಳೇ ಅರಮನೆಯಲ್ಲೇ ಒಂದು ದಿನ ಅದರ ರುಚಿ ನೋಡೋಣ. ನಾಳೆ ನಾಲ್ಕೂ ಬಾಗಿಲಿಗೆ ಹೆಬ್ಬಾಗಿಲಿನ ಮರ್ಯಾದೆ ಮಾಡಿಸುತ್ತೇನೆ."

ದೊರೆ ಹಿಗ್ಗಿಹೋದ.

ಮಾರನೆಯ ದಿನ ನಾಲ್ಕೂ ಬಾಗಿಲಿಗೆ ತೋರಣ, ಕಹಳೆ, ಪರಾಕು ಹೇಳುವವರು. ಗುಮ್ಮಣ್ಣ ಇನ್ನೊಂದು ಕೆಲಸವನ್ನೂ ಮಾಡಿದ್ದ. ದೊರೆಯ ಮಾವನವರನ್ನು ಊಟಕ್ಕೆ ಕರೆಸಿದ್ದ. ಮಾವನವರು ಒಳ್ಳೆಯವರೇ. ಆದರೆ ಮಂಡಿನೋವಿನ ಕತೆ ತೆಗೆದರೆಂದರೆ ದೀಪ ಹಚ್ಚುವ ಹೊತ್ತಾದರೂ ಮುಗಿಯದು. ಅವರು ಬಂದಾಗಲೆಲ್ಲ ದೊರೆ ಅಡುಗೆಮನೆಯ ಬಾಗಿಲಿಂದ ತೋಟಕ್ಕೆ ಪರಾರಿ. ಇದು ಗೊತ್ತಿಲ್ಲದವರು ಮಾವ ಒಬ್ಬರೇ.

"ಅಳಿಯಂದಿರು ಎಲ್ಲಿ?" ಎಂಬ ದನಿ ಕೇಳಿದ್ದೇ ತಡ, ದೊರೆ ಅಡುಗೆಮನೆಯತ್ತ ಓಡಿದ. ಹೊಸ್ತಿಲು ದಾಟಿದನೋ ಇಲ್ಲವೋ, ಕಹಳೆ ಭೋಂ ಎಂದಿತು.

"ಬಹುಪರಾಕ್! ಮಹಾರಾಜರು ಹೊರಗೆ ದಯಮಾಡಿಸುತ್ತಿದ್ದಾರೆ!"

"ಓಹೋ, ಅಲ್ಲಿದ್ದೀರಾ?" ಎಂದರು ಮಾವ ಒಳಗಿನಿಂದ.

ದೊರೆ ಎಡಬಾಗಿಲಿಗೆ ನುಗ್ಗಿದ. ಅಲ್ಲೂ ಕಹಳೆ. ಬಲಬಾಗಿಲಿನಲ್ಲಿ ಕಹಳೆಯ ಜೊತೆಗೆ ನಗಾರಿ ಬೇರೆ. ಅಲ್ಲೇ ಮಾವ ಅವನ ಕೈ ಹಿಡಿದುಕೊಂಡರು.

"ಈ ಎಡಗಾಲಿನ ಮಂಡಿ ಇದೆಯಲ್ಲ ಅಳಿಯಂದಿರೇ..."

ಸಂಜೆ ಬಿಡುಗಡೆಯಾದ ದೊರೆ ಕುಸಿದು ಕೂತ. "ಗುಮ್ಮಣ್ಣ, ಕಹಳೆ ಊದದ ಬಾಗಿಲು ಒಂದಾದರೂ ಇಲ್ಲವೇನಯ್ಯಾ?"

"ಇದೆ ಪ್ರಭು," ಎಂದು ಗುಮ್ಮಣ್ಣ ಹಾಳೆ ಬಿಚ್ಚಿದ. "ತಾವು ನಿನ್ನೆ ಎಸೆದಿರಲ್ಲ, ಇದರಲ್ಲಿದೆ."

ದೊರೆ ಆ ಗಿಡ್ಡ ಬಾಗಿಲನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮಲ್ಲೋಜನನ್ನು ಕರೆಸಿ, ಶಾಲು ಹೊದಿಸಿ, ಹೇಳಿದ:

"ನಕ್ಷೆ ಹಾಗೇ ಇರಲಿ. ಈ ಬಾಗಿಲನ್ನು ಮಾತ್ರ ಒಂದು ಗೇಣು ಎತ್ತರಿಸಿಬಿಡು ಮಾರಾಯ. ಓಡುವಾಗ ಕಿರೀಟ ತಗಲಬಾರದು."