ಕೊಡದ ಅಂಚಿನ ಮೇಲೆ ಇರುವೆ ಶಾಲೆ

ಇರುವೆಗಳ ಶಾಲೆಯಲ್ಲಿ ನೀಲವ್ವ ಅಕ್ಕೋರು ಕಲಿಸುತ್ತಿದ್ದದ್ದು ಒಂದೇ ಪಾಠ: ಮುಂದಿನವರ ವಾಸನೆ ಹಿಡಿದು ನಡೆಯಬೇಕು, ಸಾಲು ಬಿಡಬಾರದು. ಒಂದು ದಿನ ಅವರು ಮಕ್ಕಳನ್ನು ಕರೆದುಕೊಂಡು ಬೆಲ್ಲ ಹುಡುಕುತ್ತ ಅಡುಗೆಮನೆಯ ತಾಮ್ರದ ಕೊಡ ಹತ್ತಿ, ಅದರ ಬಾಯಿಯ ಅಂಚಿನ ಮೇಲೆ ಹೊರಟರು. ಸ್ವಲ್ಪ ಹೊತ್ತಿಗೆ ಮುಂದೆ ಯಾರದೋ ವಾಸನೆ ಸಿಕ್ಕಿತು. ಯಾರೋ ಹಿರಿಯರು ಹೋದ ದಾರಿ ಎಂದು ಅಕ್ಕೋರು ಹಿಗ್ಗಿ ಹೆಜ್ಜೆ ಚುರುಕು ಮಾಡಿದರು.

"ಅಕ್ಕೋರೇ, ಈ ನೆಗ್ಗಿದ ಜಾಗ ಆಗಲೇ ನೋಡಿದ್ವಲ್ಲ?" ಎಂದಳು ಸಾಲಿನ ನಡುವಿನಲ್ಲಿದ್ದ ಚಿನ್ನಿ.

"ಸಾಲಿನಲ್ಲಿ ಮಾತಾಡಬಾರದು, ಮರಿ. ನಡಿ."

ನೆಗ್ಗಿದ ಜಾಗ ಮತ್ತೆ ಬಂತು, ಮತ್ತೂ ಬಂತು. ಮಕ್ಕಳ ಕಾಲು ಸೋತವು, ಹೊಟ್ಟೆ ಚುರುಗುಟ್ಟಿತು. ಸಾಲು ಮಾತ್ರ ಚೂರೂ ಮುರಿಯಲಿಲ್ಲ. ಕೊನೆಗೆ ಅಕ್ಕೋರೇ ಏದುಸಿರು ಬಿಡುತ್ತ ಕೇಳಿದರು, "ಯಾರಮ್ಮಾ ಮುಂದೆ ಹೋಗ್ತಿರೋದು? ಬೆಲ್ಲ ಇನ್ನೆಷ್ಟು ದೂರ?"

"ನಾನು ಗಂಗಿ, ಅಕ್ಕೋರೇ. ನಮ್ಮ ಸಾಲಿನಲ್ಲಿ ಕೊನೆಯವಳು."

ಅಕ್ಕೋರು ನಿಂತುಬಿಟ್ಟರು. ಆಮೇಲೆ ಚಿನ್ನಿಯ ಹತ್ತಿರ ಹೋಗಿ ತಲೆ ನೇವರಿಸಿದರು. "ನಿನಗೆ ಇನ್ನೇನು ಗೊತ್ತಾಯ್ತು, ಹೇಳು."

"ಆ ನೆಗ್ಗಿದ ಜಾಗಕ್ಕೆ ಬಂದಾಗಲೆಲ್ಲ ಕೆಳಗಿನಿಂದ ಬೆಲ್ಲದ ಘಮ ಬರುತ್ತೆ. ಇಳಿದು ನೋಡ್ಲಾ?"

"ನೋಡು."

ಚಿನ್ನಿ ಇಳಿದದ್ದೇ ತಡ, ಮಕ್ಕಳೆಲ್ಲ ಅವಳ ಹಿಂದೆ ಸಾಲುಗಟ್ಟಿದರು. ಅಕ್ಕೋರು ನಕ್ಕು, ಆ ಸಾಲನ್ನು ತಾವೇ ಚದುರಿಸಿದರು. "ಒಬ್ಬೊಬ್ಬರು ಒಂದೊಂದು ಕಡೆಯಿಂದ ಇಳೀರಿ. ದಾರಿಯಲ್ಲಿ ಏನೇನು ಕಂಡಿರಿ ಅಂತ ಕೆಳಗೆ ಬಂದು ನನಗೆ ಹೇಳಿಕೊಡಬೇಕು."

"ನಿಮಗಾ, ಅಕ್ಕೋರೇ?"

"ನನಗೇ. ಹುಟ್ಟಿದಾಗಿನಿಂದ ನಾನು ನೋಡಿರೋದು ಮುಂದಿನವರ ಬೆನ್ನು ಒಂದೇ."